700 ಬಾರ್ ಒತ್ತಡ ನಮಗೆ ಯಾಕೆ ಬೇಕು?

ಮೊದಲು ಬಂಕ್ ಕಟ್ಟೋಣ, ಕಾರು ತಾನಾಗಿ ಬರುತ್ತದೆ. ಹೈಡ್ರೋಜನ್ ವಿಷಯದಲ್ಲಿ ಜಪಾನ್ ಹಿಡಿದ ದಾರಿ ಇದು. ಹೈಡ್ರೋಜನ್ ಕಾರು ಟೊಯೊಟಾ ಮಿರಾಯ್ 2014ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂತು. 2025ರ ಹೊತ್ತಿಗೆ 2 ಲಕ್ಷ ವಾಹನ ಎಂದು ಸರ್ಕಾರ 2017ರಲ್ಲಿ ಗುರಿ ಹಾಕಿಕೊಂಡಿತು. ಬಂಕುಗಳು ನೂರೈವತ್ತರ ಮೇಲೆ ಎದ್ದವು, ಒಂದೊಂದಕ್ಕೂ ಸುಮಾರು ನಲವತ್ತು-ಐವತ್ತು ಕೋಟಿ ಯೆನ್. ವಾಹನಗಳು ಮಾತ್ರ 10 ಸಾವಿರವೂ ಆಗಲಿಲ್ಲ. ಈಗ ಜಪಾನ್ ಸರ್ಕಾರವೂ ಬಸ್ಸು-ಲಾರಿಗಳ ಕಡೆ ಹೊರಳಿದೆ. ಜಪಾನಿನಲ್ಲಿದ್ದುಕೊಂಡು ಇದನ್ನು ನೋಡುವ ನನಗೆ, ಊರಿನವರು ಜಪಾನಿನ ಕಾರು ತೋರಿಸಿ "ನಮ್ಮಲ್ಲಿ ಯಾವಾಗ?" ಅಂದರೆ ಉತ್ಸಾಹವೇ ಬರುವುದಿಲ್ಲ.

ಕಾರಿನ ಟ್ಯಾಂಕಿನಲ್ಲಿ ಜಾಗ ಕಡಿಮೆ, ಅದಕ್ಕೇ 700 ಬಾರ್ ಒತ್ತಡ, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಏಳ್ನೂರು ಪಟ್ಟು. ತುಂಬುವಾಗ ಟ್ಯಾಂಕಿನೊಳಗಿನ ಅನಿಲ ಬಿಸಿಯಾಗುತ್ತದೆ, 85 ಡಿಗ್ರಿ ದಾಟುವಂತಿಲ್ಲ. ಐದೂವರೆ ಕೆಜಿಯನ್ನು ಐದು ನಿಮಿಷದಲ್ಲಿ ತುಂಬಬೇಕಾದರೆ ಅನಿಲವನ್ನು ಮೊದಲೇ ಮೈನಸ್ 40ರ ಹತ್ತಿರಕ್ಕೆ ತಣಿಸಿರಬೇಕು. ಬಂಕಿನ ಖರ್ಚಿನ ದೊಡ್ಡ ಪಾಲು ಕಂಪ್ರೆಸರ್ ಮತ್ತು ಚಿಲ್ಲರ್‌ನಲ್ಲಿ. ಹೆಚ್ಚಾಗಿ ಕೆಡುವುದೂ ಅವೇ. ತೇವದ ದಿನಗಳಲ್ಲಿ ನಾಜಲ್ ಮೇಲೆ ಹಿಮ ಕಟ್ಟಿ ಕಾರಿಗೇ ಅಂಟಿಕೊಳ್ಳುತ್ತದೆ. ಕರಗುವ ತನಕ ಕಾಯಬೇಕು, ಎಳೆದಾಡಿದರೆ ಸೀಲ್ ಹಾಳು. ಮಂಗಳೂರಿನ ಜುಲೈ ನೆನೆಸಿಕೊಳ್ಳಿ!

ಕರೆಂಟಿನ ಲೆಕ್ಕವೂ ಕಾರಿನ ಪರವಾಗಿಲ್ಲ. ನೀರಿನಿಂದ 1 ಕೆಜಿ ಹೈಡ್ರೋಜನ್ ತೆಗೆಯಲು 50ರಿಂದ 55 ಯೂನಿಟ್ ಬೇಕು, ಒತ್ತಿ ತಣಿಸಲು ಇನ್ನೊಂದಿಷ್ಟು. ಕೊನೆಗೆ ಕಾರಿನ ಫ್ಯುಯೆಲ್ ಸೆಲ್ ಅದನ್ನು ಮತ್ತೆ ಕರೆಂಟಾಗಿಸಿ ಮೋಟಾರಿಗೆ ಕೊಡುವುದು 16-17 ಯೂನಿಟ್. ಅಷ್ಟೇ ಕರೆಂಟನ್ನು ಬ್ಯಾಟರಿಗೆ ಹಾಕಿದರೆ 40 ದಾಟುತ್ತದೆ. ಆಫೀಸಿಗೆ ಹೋಗಿಬರುವ ಕಾರಿಗೆ ಇದು ಶುದ್ಧ ದುಂದು.

ಭಾರತ ಬಸ್ಸಿನಿಂದ ಶುರುಮಾಡಿದ್ದು ಜಾಣತನ. 2023ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಇಂಡಿಯನ್ ಆಯಿಲ್‌ನ ಬಸ್ಸುಗಳು ರಸ್ತೆಗಿಳಿದವು, ಆಮೇಲೆ ಲೇಹ್‌ನಲ್ಲಿ ಎನ್‌ಟಿಪಿಸಿಯವು. ಬಸ್ಸಿನ ಚಾವಣಿ ಮೇಲೆ ಬೇಕಾದಷ್ಟು ಜಾಗವಿದೆ, 350 ಬಾರ್ ಸಾಕು. ರಾತ್ರಿ ಡಿಪೋಗೆ ಬರುವ ಬಸ್ಸಿಗೆ ನಿಧಾನವಾಗಿ ತುಂಬಿದರೆ ಮೈನಸ್ 40ರ ಚಿಲ್ಲರ್ ಬೇಕಾಗಿಲ್ಲ. ಬಸ್ಸು 100 ಕಿ.ಮೀ.ಗೆ ಸುಮಾರು 8 ಕೆಜಿ ತಿನ್ನುತ್ತದೆ ಅಂದುಕೊಳ್ಳಿ. ದಿನಕ್ಕೆ 200 ಕಿ.ಮೀ. ಓಡುವ 30 ಬಸ್ಸಿಗೆ 480 ಕೆಜಿ. ಇಷ್ಟು ಖಚಿತ ಬೇಡಿಕೆ ಜಪಾನಿನ ಕಾರು ಬಂಕುಗಳಿಗೆ ಕನಸು. ಎರಡು ಕಂಪ್ರೆಸರ್ ಇಡಬೇಕು. ಒಂದೇ ಇದ್ದರೆ ಅದು ಕೆಟ್ಟ ದಿನ ಮೂವತ್ತೂ ಬಸ್ಸು ನಿಂತವು. ಡಿಪೋದ ಶೆಡ್ಡಿಗೆ ನೆತ್ತಿಯಲ್ಲಿ ಗಾಳಿಕಿಂಡಿ, ಸೋರಿಕೆ ಸೆನ್ಸರ್ ಕೂಡ ಅಲ್ಲೇ, ಏಕೆಂದರೆ ಸೋರಿದ ಹೈಡ್ರೋಜನ್ ನೇರ ಮೇಲಕ್ಕೆ ಹೋಗಿ ಚಾವಣಿಯಡಿ ಸೇರಿಕೊಳ್ಳುತ್ತದೆ.

ನನ್ನ ತಕರಾರಿರುವುದು ಪರೀಕ್ಷೆಯ ಜಾಗದ ಬಗ್ಗೆ. ಜಪಾನಿನ ಎಂಜಿನಿಯರುಗಳ ಶತ್ರು ಚಳಿ: ಗಾಡಿ ನಿಲ್ಲಿಸುವಾಗ ಫ್ಯುಯೆಲ್ ಸೆಲ್‌ನಲ್ಲಿ ಹುಟ್ಟಿ ಉಳಿದ ನೀರನ್ನು ಊದಿ ತೆಗೆಯದಿದ್ದರೆ ಹೆಪ್ಪುಗಟ್ಟಿ ಒಳಗಿನ ತೆಳು ಪೊರೆ, ಅಂದರೆ ಮೆಂಬ್ರೇನ್, ಹಾಳಾಗುತ್ತದೆ. ನಮ್ಮ ಶತ್ರು ಬಿಸಿಲು. ಫ್ಯುಯೆಲ್ ಸೆಲ್ 80 ಡಿಗ್ರಿಯ ಹತ್ತಿರ ಓಡುತ್ತದೆ, ಇಂಧನದ ಅರ್ಧದಷ್ಟು ಶಾಖವಾಗುತ್ತದೆ. ಡೀಸೆಲ್ ಎಂಜಿನ್ನಿನ ಶಾಖದಲ್ಲಿ ದೊಡ್ಡ ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಫ್ಯುಯೆಲ್ ಸೆಲ್‌ನಲ್ಲಿ ಬಹುಪಾಲು ರೇಡಿಯೇಟರೇ ಹೊರಬೇಕು. ಹೊರಗೆ 43 ಡಿಗ್ರಿ ಇದ್ದಾಗ ವ್ಯತ್ಯಾಸ ಉಳಿಯುವುದು ಮೂವತ್ತೇಳೇ ಡಿಗ್ರಿ. ರೇಡಿಯೇಟರ್ ದೊಡ್ಡದಾಗಿರದಿದ್ದರೆ ಏರಿನಲ್ಲಿ ಗಾಡಿಯ ಕಂಪ್ಯೂಟರ್ ಮೋಟಾರಿನ ಶಕ್ತಿ ಇಳಿಸುತ್ತದೆ, ಇಲ್ಲವೇ ಮೆಂಬ್ರೇನ್ ಒಣಗಿ ಬಿರಿಯುತ್ತದೆ. ಅದಕ್ಕೆ ಹಾಕುವ ಕೂಲೆಂಟ್ ಕೂಡ ಬೇರೆ, ವಿದ್ಯುತ್ ಹರಿಯದಂಥದ್ದು. ಮೆಕ್ಯಾನಿಕ್ ಅಭ್ಯಾಸಬಲದಿಂದ ಮಾಮೂಲಿ ಕೂಲೆಂಟ್ ಸುರಿದರೆ ಇನ್ಸುಲೇಶನ್ ಅಲಾರಂ ಹೊಡೆದು ಗಾಡಿ ನಿಲ್ಲುತ್ತದೆ. 3,650 ಮೀಟರ್ ಎತ್ತರದ ಲೇಹ್ ತೆಳುಗಾಳಿಯಲ್ಲಿ ಸೆಲ್‌ಗೆ ಗಾಳಿ ಊದುವ ಬ್ಲೋವರನ್ನು ಪರೀಕ್ಷಿಸುತ್ತದೆ, ರೇಡಿಯೇಟರನ್ನಲ್ಲ.

2025ರ ಮಾರ್ಚಿನಲ್ಲಿ ಕೇಂದ್ರ 37 ವಾಹನ, 9 ಬಂಕುಗಳ ಪ್ರಯೋಗಕ್ಕೆ ಹತ್ತು ಮಾರ್ಗ ಆರಿಸಿತು. ಕರ್ನಾಟಕದ್ದು ಒಂದೂ ಇಲ್ಲ. ಬಳ್ಳಾರಿ-ಹೊಸಪೇಟೆ ಮಾರ್ಗ ಸೇರಿಸಬಹುದಿತ್ತು. ಬಿಸಿಲಿದೆ, ಅದಿರು ಲಾರಿಗಳಿವೆ, ಏರ್ ಫಿಲ್ಟರಿನ ಸತ್ವ ಪರೀಕ್ಷಿಸುವ ಕೆಂಪು ಧೂಳಿದೆ. ಪಕ್ಕದ ತೋರಣಗಲ್ಲಿನಲ್ಲಿ ಉಕ್ಕಿಗೆಂದು ಕಟ್ಟಿದ ಜಿಂದಾಲ್‌ನ ಹಸಿರು ಹೈಡ್ರೋಜನ್ ಘಟಕದ ಸಾಮರ್ಥ್ಯ ವರ್ಷಕ್ಕೆ 3,800 ಟನ್. ಮೇಲೆ ಹೇಳಿದ ಮೂವತ್ತು ಬಸ್ಸಿಗೆ ವರ್ಷಕ್ಕೆ ಬೇಕಾಗುವುದು 175 ಟನ್, ಆ ಸಾಮರ್ಥ್ಯದ ನೂರಕ್ಕೆ ಐದು ಪಾಲೂ ಅಲ್ಲ.