ಸ್ಪ್ರಿಂಗ್ ಏರ್ ರೈಫಲ್ಲಿಗೆ ಸ್ಕೋಪ್: ದುಡ್ಡು ಎಲ್ಲಿಗೆ ಹಾಕಬೇಕು

ಹೊಸದಾಗಿ ಸ್ಪ್ರಿಂಗ್ ಏರ್ ರೈಫಲ್ ಕೊಂಡವರು ಮರುವಾರವೇ ಕೇಳುವ ಪ್ರಶ್ನೆ ಒಂದೇ: "6-24×50 ಸ್ಕೋಪು ನಾಲ್ಕು ಸಾವಿರಕ್ಕೆ ಸಿಗ್ತಿದೆ, ತಗೊಳ್ಳಲಾ?" ಬೇಡ. ಅದೇ ನಾಲ್ಕು ಸಾವಿರಕ್ಕೆ ಗಟ್ಟಿಮುಟ್ಟಾದ 4×32 ತಗೊಳ್ಳಿ. (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ, ಕೊನೆಯದು ಮುಂದಿನ ಲೆನ್ಸಿನ ಅಗಲ, ಮಿ.ಮೀ.ಗಳಲ್ಲಿ.) ಅಷ್ಟು ಕಡಿಮೆ ದುಡ್ಡಿನಲ್ಲಿ 24 ಪಟ್ಟು ಜೂಮ್ ಕೊಡಬೇಕಾದರೆ ತಯಾರಕ ಎಲ್ಲೋ ಉಳಿಸಲೇಬೇಕು. ಉಳಿಸುವುದು ಕೊಳ್ಳುವವನ ಕಣ್ಣಿಗೆ ಬೀಳದ ಜಾಗದಲ್ಲಿ, ಅಂದರೆ ಕೊಳವೆಯ ಒಳಗೆ.

ಬೇಟೆಗೆ ಅಂತ ಕೇಳುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಏರ್ ಗನ್ನಿನಲ್ಲಿ ಬೆಳವ ಹೊಡೆದರೂ ಅಪರಾಧವೇ. ಇಲ್ಲಿ ಹೇಳುವುದೆಲ್ಲ ಕಾಗದದ ಗುರಿ ಮತ್ತು ಖಾಲಿ ಡಬ್ಬಿಗೆ.

ಸ್ಪ್ರಿಂಗ್ ರೈಫಲ್ ಸ್ಕೋಪನ್ನು ಕೊಲ್ಲುವ ರೀತಿಯೇ ಬೇರೆ. ಮದ್ದಿನ ಕೋವಿ ಹಿಂದಕ್ಕೆ ಒದೆಯುತ್ತದೆ, ಅಷ್ಟೇ. ಬೇಟೆ ಸ್ಕೋಪುಗಳನ್ನು ಆ ಒಂದು ದಿಕ್ಕಿನ ಪೆಟ್ಟಿಗೆ ಕಟ್ಟಿರುತ್ತಾರೆ. ಸ್ಪ್ರಿಂಗ್ ರೈಫಲ್ಲಿನಲ್ಲಿ ಟ್ರಿಗರ್ ಎಳೆದೊಡನೆ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಬರುತ್ತದೆ. ಮರುಕ್ಷಣ ಪಿಸ್ಟನ್ ಸಿಲಿಂಡರಿನ ತುದಿಯಲ್ಲಿ ಗಕ್ಕನೆ ನಿಂತಾಗ ಇಡೀ ರೈಫಲ್ ಮುಂದಕ್ಕೆ ಎಸೆದಂತಾಗುತ್ತದೆ. ಈ ಎರಡನೇ ಪೆಟ್ಟಿಗೆ ಲೆನ್ಸಿನ ಹಿಡಿತ ಸಡಿಲವಾಗುತ್ತದೆ, ಕ್ರಾಸ್‌ಹೇರ್ (ಗುರಿಗೆ ಹಿಡಿಯುವ ಅಡ್ಡ-ಉದ್ದ ಗೆರೆ) ತಿರುಗುತ್ತದೆ, ಒಳಗಿನ ಚಿಕ್ಕ ಕೊಳವೆಯನ್ನು ಒತ್ತಿ ಹಿಡಿದ ಸ್ಪ್ರಿಂಗ್ ಸೋಲುತ್ತದೆ. ದೊಡ್ಡ ಬೇಟೆ ರೈಫಲ್ಲಿನ ಮೇಲೆ ವರ್ಷಗಟ್ಟಲೆ ನಿಂತ ದುಬಾರಿ ಸ್ಕೋಪು ಏರ್ ರೈಫಲ್ಲಿನ ಮೇಲೆ ಕೆಲವೇ ಡಬ್ಬಿ ಪೆಲೆಟ್ಟಿಗೆ (ಏರ್ ರೈಫಲ್ಲಿನ ಗುಂಡು) ಕೈಕೊಡುವುದು ಇದರಿಂದಲೇ. ಪೆಟ್ಟಿಗೆಯ ಮೇಲೆ "ಸ್ಪ್ರಿಂಗ್ ಏರ್‌ಗನ್‌ಗೆ ಸೂಕ್ತ" ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಬ್ರ್ಯಾಂಡ್ ಯಾವುದೇ ಇರಲಿ, ಮುಟ್ಟಬೇಡಿ.

ಇನ್ನು ಪ್ಯಾರಲ್ಯಾಕ್ಸ್, ಅಂದರೆ ಕಣ್ಣು ಸರಿದಾಗ ಕ್ರಾಸ್‌ಹೇರ್ ಗುರಿಯ ಮೇಲೆ ಸರಿದಂತೆ ಕಾಣುವುದು. ಸಾಮಾನ್ಯ ಬೇಟೆ ಸ್ಕೋಪನ್ನು ಇದು 100 ಗಜದಲ್ಲಿ ಬಾರದಂತೆ ಹೊಂದಿಸಿರುತ್ತಾರೆ. ಮುಂದಿನ ಲೆನ್ಸ್ 40 ಮಿ.ಮೀ. ಇದ್ದು ಗುರಿ 25 ಮೀಟರಿನಲ್ಲಿದ್ದರೆ, ಕಣ್ಣು ಅಂಚಿಗೆ ಸರಿದಾಗ ಗುರಿ 14 ಮಿ.ಮೀ.ವರೆಗೂ ತಪ್ಪಬಹುದು. ಪೆಲೆಟ್ಟಿನ ಅಗಲವೇ 4.5 ಮಿ.ಮೀ.! 35 ಗಜಕ್ಕೆ ಹೊಂದಿಸಿದ 4×32ರಲ್ಲಿ ಇದೇ ತಪ್ಪು ಮೂರೂವರೆ ಮಿ.ಮೀ.ಗೆ ಇಳಿಯುತ್ತದೆ. ಮುಂದಿನ ಲೆನ್ಸಿನ ಉಂಗುರ ತಿರುಗಿಸಿ 10 ಮೀಟರಿಗೂ ಹೊಂದಿಸಬಹುದಾದ ಮಾದರಿ ಸಿಕ್ಕರೆ ಸಾವಿರ ಹೆಚ್ಚು ಕೊಡಲು ಹಿಂದೆಮುಂದೆ ನೋಡಬೇಡಿ. ಪರೀಕ್ಷೆ ಸುಲಭ: ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟು, ಮುಟ್ಟದೆ, ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ. ಕ್ರಾಸ್‌ಹೇರ್ ಗುರಿಯ ಮೇಲೆ ಹರಿದಾಡಿದರೆ ಪ್ಯಾರಲ್ಯಾಕ್ಸ್ ಇದೆ ಅಂತ.

ಗಾಜಿನ ವಿಷಯ ಬೇಗ ಮುಗಿಸ್ತೀನಿ, ಯಾಕೆಂದರೆ ಎಲ್ಲರೂ ಅದನ್ನೇ ಮಾತಾಡುತ್ತಾರೆ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈ ಸುಮಾರು 4% ಬೆಳಕನ್ನು ವಾಪಸ್ ಕಳಿಸುತ್ತದೆ. ಹತ್ತು ಮೇಲ್ಮೈ ದಾಟುವಷ್ಟರಲ್ಲಿ ಉಳಿಯುವುದು ಮೂರನೇ ಎರಡು ಪಾಲು. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದ ಲೇಪನದ ಮುಂದುವರಿದ ರೂಪವೇ ಇಂದಿನ ಮಲ್ಟಿಕೋಟಿಂಗ್. ಮುಂದಿನ ಲೆನ್ಸಿನಲ್ಲಿ ಟ್ಯೂಬ್‌ಲೈಟಿನ ಬಿಂಬ ನೋಡಿ: ಹಸಿರು, ನೇರಳೆ ಛಾಯೆ ಇದ್ದರೆ ಕನಿಷ್ಠ ಆ ಲೆನ್ಸಿಗಾದರೂ ಲೇಪನ ಇದೆ, ಬೆಳ್ಳಗೆ ಹೊಳೆದರೆ ಇಲ್ಲ. ಅದಕ್ಕೂ ಮೇಲಿನ ದುಬಾರಿ ಗಾಜು ಮುಸ್ಸಂಜೆಗೆ ಬೇಕಾದದ್ದು. ಜರ್ಮನಿಯಲ್ಲಿ ಅಟ್ಟಣಿಗೆ ಮೇಲೆ ಕೂತು ಕತ್ತಲಲ್ಲಿ ಕಾಡುಹಂದಿ ಕಾಯುವವರು 8×56 ಇಟ್ಟುಕೊಳ್ಳುವುದಕ್ಕೆ ಕಾರಣ ಇದೆ: 56ನ್ನು 8ರಿಂದ ಭಾಗಿಸಿದರೆ ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ 7 ಮಿ.ಮೀ., ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆಯ ಅಳತೆ. ಆ ಲೆಕ್ಕ ನಮ್ಮ 6-24×50ಕ್ಕೆ ಹಾಕಿ: 24ರಲ್ಲಿ ಬರೀ 2.1. ಮೋಡ ಕವಿದ ಆಷಾಢದ ಮಧ್ಯಾಹ್ನ ಚಿತ್ರ ಮಂಕಾಗಿ, ತಲೆ ಕೂದಲೆಳೆಯಷ್ಟು ಸರಿದರೂ ಕಪ್ಪಾಗುತ್ತದೆ. 4×32ರಲ್ಲಿ ಅದು 8.

ಬಜೆಟ್ ಹತ್ತು ಸಾವಿರ ಇದ್ದರೆ ಕನಿಷ್ಠ ಒಂದೂವರೆ ಸಾವಿರ ಮೌಂಟಿಗೆ, ಅಂದರೆ ಸ್ಕೋಪನ್ನು ರೈಫಲ್ಲಿನ ಹಳಿಗೆ ಕಚ್ಚಿಸುವ ಹಿಡಿಕೆಗೆ, ತೆಗೆದಿಡಿ. ಸ್ಕೋಪಿನ ಮೇಲೆ ಹೊರಿಸುವ ದೂರುಗಳಲ್ಲಿ ಬಹಳಷ್ಟು ಮೌಂಟಿನವು. ಎರಡನೇ ಪೆಟ್ಟಿಗೆ ರೈಫಲ್ ಮುಂದೆ ಹೋಗುತ್ತದೆ, ಸ್ಕೋಪು ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ. ಮೌಂಟಿನ ಹಿಂಬದಿ ಪೆನ್ಸಿಲ್ ಗೆರೆ ಎಳೆದು ಐವತ್ತು ಈಡು ಹೊಡೆದು ನೋಡಿ. ಗೆರೆಯಿಂದ ಸರಿದಿದ್ದರೆ, ತಡೆ ಪಿನ್ ಇರುವ ಒಂದೇ ತುಂಡಿನ ಮೌಂಟ್ ಬೇಕು. ಸ್ಕೋಪನ್ನು ಸುತ್ತಿ ಹಿಡಿಯುವ ರಿಂಗಿನ ಸ್ಕ್ರೂಗಳಿಗೆ 1.7ರಿಂದ 2 ನ್ಯೂಟನ್-ಮೀಟರ್ ಸಾಕು. ಗಟ್ಟಿಯಾಗಲಿ ಅಂತ ತಿರುಗಿಸುತ್ತಾ ಹೋದರೆ ಕೊಳವೆ ಅಮುಕಿ, ಟರೆಟ್ (ಗುರಿ ಹೊಂದಿಸುವ ತಿರುಪು) ತಿರುಗಿಸಿದರೂ ಒಳಕೊಳವೆ ಕದಲುವುದಿಲ್ಲ. ಮತ್ತೆ, 25.4 ಮಿ.ಮೀ. ಕೊಳವೆಗೆ 30ರ ರಿಂಗ್ ತರಿಸಿಕೊಂಡು ಟೇಪ್ ಸುತ್ತುವ ಕೆಲಸ ಬೇಡ.

ನಳಿಗೆ ಮಡಚಿ ಪೆಲೆಟ್ ತುಂಬುವ ರೈಫಲ್ಲುಗಳಲ್ಲಿ ನಳಿಗೆ ತುಸು ಕೆಳಗೆ ಬಾಗಿರುವುದು ಮಾಮೂಲು. ಈಡು ಕೆಳಗೇ ಬೀಳುತ್ತಿದೆ ಅಂತ ಟರೆಟ್ಟನ್ನು ಕೊನೆಯವರೆಗೂ ಮೇಲಕ್ಕೆ ತಿರುಗಿಸಿದರೆ ಒಳಗಿನ ಸ್ಪ್ರಿಂಗಿಗೆ ಬಿಗುವೇ ಉಳಿಯುವುದಿಲ್ಲ. ಆಮೇಲೆ ಜೀರೋ, ಅಂದರೆ ಗುರಿಯಿಟ್ಟಲ್ಲೇ ಈಡು ಬೀಳುವ ಹೊಂದಿಕೆ, ದಿನಕ್ಕೊಂದು ಕಡೆ. ಹಿಂದಿನ ರಿಂಗಿನಲ್ಲಿ ಸ್ಕೋಪಿನ ಅಡಿಗೆ ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ಪಟ್ಟಿ ಇಡಿ. ಅದರ ದಪ್ಪ ಸುಮಾರು 0.1 ಮಿ.ಮೀ. ರಿಂಗುಗಳ ನಡುವೆ 100 ಮಿ.ಮೀ. ಅಂತರವಿದ್ದರೆ, ಒಂದು ಪಟ್ಟಿ 25 ಮೀಟರಿನಲ್ಲಿ ಈಡನ್ನು 25 ಮಿ.ಮೀ. ಮೇಲಕ್ಕೆ ತರುತ್ತದೆ. ಎರಡು ಪಟ್ಟಿಗಿಂತ ಹೆಚ್ಚು ಬೇಕಾದರೆ ಸ್ಕೋಪು ಬಾಗುವ ಅಪಾಯ, ಓರೆ ಮೌಂಟೇ ಕೊಳ್ಳಿ.

ಕೊಂಡ ವಾರದಲ್ಲೇ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ, ಚೌಕದ ಪರೀಕ್ಷೆ ಮಾಡಿ. 25 ಮೀಟರ್, ಒಂದೇ ಚುಕ್ಕೆಗೆ ಗುರಿ. ಐದು ಈಡು ಹೊಡೆದು ಟರೆಟ್ 20 ಕ್ಲಿಕ್ ಮೇಲೆ, ಮತ್ತೆ ಐದು. 20 ಬಲಕ್ಕೆ, ಐದು. 20 ಕೆಳಗೆ, ಐದು. 20 ಎಡಕ್ಕೆ, ಕೊನೆಯ ಐದು. ಕಾಲು ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಕ್ಲಿಕ್ ಆದರೆ ಒಂದೊಂದು ಬದಿ ಸುಮಾರು 36 ಮಿ.ಮೀ. ಬರಬೇಕು, ಕೊನೆಯ ಗುಂಪು ಮೊದಲ ಗುಂಪಿನ ಮೇಲೇ ಕೂರಬೇಕು. ಬದಿ 33 ಬಂದರೆ ಕ್ಷಮಿಸಬಹುದು. ಕೊನೆಯ ಗುಂಪು ಬೇರೆ ಕಡೆ ಕೂತರೆ ಮೊದಲು ಮೌಂಟಿನ ಸ್ಕ್ರೂ ನೋಡಿ, ಅದು ಸರಿ ಇದ್ದರೆ ಸ್ಕೋಪು ವಾಪಸ್. ಜೀವಮಾನದ ವಾರಂಟಿ ಇದೆಯಲ್ಲ ಅಂತ ಸುಮ್ಮನಿರಬೇಡಿ. ಹೊರದೇಶಕ್ಕೆ ಕಳಿಸುವ ಖರ್ಚು, ಮರಳಿ ತರಿಸುವಾಗಿನ ಸುಂಕದ ತಲೆನೋವು ಸೇರಿದರೆ ಅಗ್ಗದ ಸ್ಕೋಪಿಗೆ ಆ ಕಾಗದ ಬರೀ ಕಾಗದ.

ಅಂದಹಾಗೆ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವವರು ಸ್ಕೋಪು ಕೊಳ್ಳಲೇಬೇಡಿ, ಅಲ್ಲಿ ಅದಕ್ಕೆ ಅವಕಾಶವಿಲ್ಲ. ಕೈಲ್‌ಪೊಳ್ದ್‌ನಲ್ಲಿ (ಕೊಡವರ ಆಯುಧ ಹಬ್ಬ) ತೆಂಗಿನಕಾಯಿಗೆ ಈಡು ಹೊಡೆಯುವ ಕೊಡಗಿನವರನ್ನು ಕೇಳಿದರೆ ಸ್ಕೋಪಿನ ಮಾತಿಗೆ ನಕ್ಕಾರು!

ಮಲೆನಾಡು, ಕರಾವಳಿಯವರು ಮಾತ್ರ, ಒಳಗೆ ಮಂಜು ಕಟ್ಟದಂತೆ ಸಾರಜನಕ ತುಂಬಿದ ಮಾದರಿಗೆ ಐನೂರು ಹೆಚ್ಚಾದರೂ ಕೊಡಿ. ಮಳೆಗಾಲದಲ್ಲಿ ಬಟ್ಟೆಯ ಚೀಲದಲ್ಲಿಡಬೇಡಿ, ಚೀಲ ತೇವ ಹಿಡಿದಿಟ್ಟುಕೊಂಡು ಲೆನ್ಸಿಗೆ ಬೂಷ್ಟು ತರಿಸುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ (ತೇವ ಹೀರುವ ಹರಳು). ಬಣ್ಣ ಬದಲಾಯಿಸುವ ಜಾತಿಯದು ತಗೊಂಡರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ಅದೇ ಹೇಳುತ್ತದೆ.