ಅಣ್ಣನ ಮಗಳು ಗಣಿತದಲ್ಲಿ ಫೇಲ್ ಆಗಿದ್ದಾಳೆ, ಅವಳಿಗೆ ಛಲ ಇಲ್ಲ ಅನ್ನಬೇಡಿ

ಮೊನ್ನೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ನಮ್ಮ ಅಣ್ಣನ ಮಗಳು ಉಳಿದೆಲ್ಲ ವಿಷಯ ಪಾಸು, ಗಣಿತದಲ್ಲಿ ಮಾತ್ರ ಹೋಯ್ತು. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಅಷ್ಟರಲ್ಲಿ ಮನೆಗೆ ಬಂದವರು, ಫೋನ್ ಮಾಡಿದವರು, ಎಲ್ಲರದ್ದೂ ಒಂದೇ ಮಾತು. "ಮನಸ್ಸಿದ್ದರ ಮಾರ್ಗ ಐತವ್ವ, ನೀನೇ ಮನಸ್ಸು ಮಾಡ್ಲಿಲ್ಲ." ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ನನಗೆ ಗೊತ್ತು. ಆದರೆ ಆ ಮಾತು ಕೇಳಿದಾಗಲೆಲ್ಲ ಆ ಹುಡುಗಿ ಇನ್ನೂ ಸ್ವಲ್ಪ ಮುದುಡಿಕೊಂಡಿದ್ದನ್ನ ನಾನು ಕಣ್ಣಾರೆ ನೋಡಿದೆ. ಅದಕ್ಕೇ ಇದನ್ನ ಬರೀತಿದ್ದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಈ ಸಲ, 2025ರಲ್ಲಿ, ರಾಜ್ಯದ ಪಟ್ಟಿಯಲ್ಲಿ ನಮ್ಮ ಕಲಬುರಗಿಗೆ ಕೊನೆ ಜಾಗ. ಶೇಕಡಾ 42 ಚಿಲ್ಲರೆ. ಮೊದಲ ಜಾಗದಲ್ಲಿರೋ ದಕ್ಷಿಣ ಕನ್ನಡಕ್ಕೆ 91. ಹೋದ ವರ್ಷ, 2024ರಲ್ಲಿ, ಕೊನೆಗಿದ್ದದ್ದು ಯಾದಗಿರಿ. ಈಗ ಹೇಳಿ, ಒಂದು ಜಿಲ್ಲೆಯಲ್ಲಿ ಪರೀಕ್ಷೆ ಬರೆದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಟ್ಟಿಗೇ ಮನಸ್ಸು ಮಾಡದೆ ಕೂತಿದ್ದರಾ? ಕರಾವಳಿ ಮಕ್ಕಳ ಮನಸ್ಸು ಗಟ್ಟಿ, ನಮ್ಮ ಮಕ್ಕಳದ್ದು ಮೆತ್ತಗೆ ಅಂತನಾ? ನಾನು ನಂಬಲ್ಲ. ಜೇವರ್ಗಿ, ಶಹಾಪುರ, ಸುರಪುರ ಕಡೆ ಬೆಳಿಗ್ಗೆ ನೀರು ತಂದು, ದನ ಕಟ್ಟಿ, ತಮ್ಮನಿಗೆ ಊಟಕ್ಕಿಟ್ಟು ಆಮೇಲೆ ಶಾಲೆಗೆ ಓಡೋ ಹುಡುಗಿಯನ್ನ ಒಂದು ದಿನ ಹಿಂದೆ ಹಿಂದೆ ಹೋಗಿ ನೋಡಿ. ಛಲ ಇಲ್ಲ ಅನ್ನೋ ಮಾತು ನಿಮ್ಮ ಬಾಯಿಗೆ ಬರಲ್ಲ.

ನಾನೂ ಇದೇ ಗಣಿತದಲ್ಲಿ ಫೇಲ್ ಆದವಳು. 2009ರಲ್ಲಿ. 19 ಅಂಕ. ಜೂನ್‌ನಲ್ಲಿ ಪೂರಕ ಪರೀಕ್ಷೆ ಬರೆದೆ, 24 ಬಂತು. ಆಗ ಊರಲ್ಲಿ ಬಿತ್ತನೆ ಸಮಯ, ಮನೆಯಲ್ಲಿ ಬೀಜ-ಗೊಬ್ಬರಕ್ಕೆ ಸಾಲ ಎಲ್ಲಿ ತರೋದು ಅನ್ನೋದೊಂದೇ ಮಾತು. ನಾನು ಪುಸ್ತಕ ಹಿಡಿದು ಕೂತಿದ್ದೇನೋ ನಿಜ, ಕಿವಿ ಮಾತ್ರ ಅಪ್ಪ-ಅವ್ವನ ಮಾತಿನ ಕಡೆಗೇ ಇತ್ತು. ಒಂದೇ ಸಾಲನ್ನ ನಾಲ್ಕು ಸಲ ಓದಿದರೂ ತಲೆಗೆ ಹೋಗ್ತಿರಲಿಲ್ಲ. ನನಗೆ ಬುದ್ಧಿ ಇಲ್ಲ ಅಂತಲೇ ತುಂಬಾ ವರ್ಷ ಅಂದುಕೊಂಡಿದ್ದೆ.

ಆಮೇಲೆ ಎಷ್ಟೋ ವರ್ಷಕ್ಕೆ ಒಂದು ಅಧ್ಯಯನದ ಬಗ್ಗೆ ಓದಿದೆ. 2013ರಲ್ಲಿ ಪ್ರಕಟವಾದದ್ದು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕೊಯ್ಲಿಗೆ ಮೊದಲು, ಕೈ ಬರಿದಾಗಿದ್ದಾಗ ಒಂದು ಸಲ, ಕೊಯ್ಲಾಗಿ ದುಡ್ಡು ಬಂದ ಮೇಲೆ ಇನ್ನೊಂದು ಸಲ ಬುದ್ಧಿಯ ಪರೀಕ್ಷೆ ಕೊಟ್ಟರು. ಅದೇ ರೈತರು, ಅದೇ ಥರದ ಪ್ರಶ್ನೆಗಳು. ದುಡ್ಡಿಲ್ಲದಾಗ ಕಡಿಮೆ ಅಂಕ, ದುಡ್ಡು ಬಂದ ಮೇಲೆ ಜಾಸ್ತಿ. ಅಭಾವ ಅನ್ನೋದು ತಲೆಯೊಳಗೇ ಒಂದು ಜಾಗ ಹಿಡಿದು ಕೂತುಬಿಡುತ್ತೆ ಅಂತ ಅವರ ಮಾತು. ನಾನದನ್ನ ಓದಿದ ದಿನ ನಿಜವಾಗಲೂ ಅತ್ತುಬಿಟ್ಟೆ. ನಮ್ಮ ಮನೆಯಲ್ಲೂ ಹಾಗೇ ಅಲ್ವಾ. ಜನವರಿಯಲ್ಲಿ ತೊಗರಿ ರಾಶಿಯಾದರೆ ಅಪ್ಪನ ಮುಖವೇ ಬೇರೆ, ಶ್ರಾವಣದ ಹೊತ್ತಿಗೆ ಅದೇ ಅಪ್ಪ ಕೇಳಿದ್ದಕ್ಕೆ ಉತ್ತರ ಕೊಡ್ತಿರಲಿಲ್ಲ.

ಇನ್ನೊಂದು ಇದೆ, ಭಾಷಣಗಳಲ್ಲಿ ಆಗಾಗ ಬರುತ್ತೆ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ವಾಲ್ಟರ್ ಮಿಶೆಲ್ ಅನ್ನೋರು ಸಣ್ಣ ಮಕ್ಕಳ ಮುಂದೆ ಒಂದು ಸಿಹಿ ಇಟ್ಟು, ಈಗಲೇ ತಿನ್ನದೆ ಕಾದರೆ ಎರಡು ಕೊಡ್ತೀನಿ ಅಂದರಂತೆ, ಕಾದ ಮಕ್ಕಳು ಮುಂದೆ ಓದಿನಲ್ಲಿ ಮೇಲೆ ಬಂದರಂತೆ. ಇದನ್ನ ಹೇಳಿ ಸಂಯಮ ಇದ್ದವರು ಗೆಲ್ತಾರೆ ಅಂತ ಮುಗಿಸ್ತಾರೆ. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಬೇರೆಯವರು ಮತ್ತೆ ನೋಡಿದರು. ಮಗುವಿನ ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತಗೊಂಡಾಗ ಆ ಸಂಬಂಧ ತುಂಬಾ ಸಣ್ಣದಾಯಿತು. ಭಾಷಣಗಳಲ್ಲಿ ಈ ಎರಡನೇ ಭಾಗ ಯಾರೂ ಹೇಳಲ್ಲ. ಮನೆಯಲ್ಲಿ ನಾಳೆಗೂ ಸಿಹಿ ಇರುತ್ತೆ ಅಂತ ಗೊತ್ತಿರೋ ಮಗು ಕಾಯುತ್ತೆ. ಗೊತ್ತಿಲ್ಲದ ಮಗು ಯಾಕೆ ಕಾಯಬೇಕು?

ಹಾಗಂತ ಛಲವೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಛಲ ಇಲ್ಲದೇ ಇದ್ದಿದ್ದರೆ ನಾನು ಇವತ್ತು ಕಲಬುರಗಿಯ ಒಂದು ಸರ್ಕಾರಿ ಆಫೀಸಿನಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿ ಕೂತಿರ್ತಿರಲಿಲ್ಲ. ಆದರೆ ಅದು ಹೇಗೆ ಬರುತ್ತೆ, ಎಲ್ಲಿ ಖರ್ಚಾಗುತ್ತೆ ಅನ್ನೋದನ್ನ ನನ್ನದೇ ಬದುಕಿನಿಂದ ಹೇಳ್ತೀನಿ.

ಎರಡನೇ ಸಲ ಫೇಲ್ ಆದ ಮೇಲೆ ದಸರಾ ಮುಗಿಸಿ ಮನೆಮಂದಿಯೆಲ್ಲ ಪುಣೆಗೆ ಗುಳೆ ಹೋದೆವು. ನಮ್ಮ ಕಡೆಯವರಿಗೆ ಗುಳೆ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಎಕರೆ ಒಣಭೂಮಿ ಆರು ಜನರ ಹೊಟ್ಟೆ ತುಂಬಿಸಲ್ಲ. ಅಲ್ಲಿ ಕಟ್ಟಡದ ಕೆಲಸ. ಮೇಸ್ತ್ರಿ ನಮ್ಮ ಅಫಜಲಪುರ ಕಡೆಯವರು, ನಾನು ಕಾಕಾ ಅಂತಿದ್ದೆ. ಒಂದು ದಿನ ಹೊಸ ಮನೆಗೆ ಪಾಯ ಹಾಕಲಿಕ್ಕೆ ದಾರ ಕಟ್ಟುತ್ತಿದ್ದರು. ಟೇಪಿನ ಒಂದು ತುದಿ ಹಿಡಿಯೋಕೆ ನನ್ನ ಕರೆದರು.

"ಯವ್ವಾ, ಈ ದಾರದ ಮ್ಯಾಲ ಮೂರು ಫೂಟಿಗೆ ಗುರ್ತು ಹಾಕು. ಆ ದಾರದ ಮ್ಯಾಲ ನಾಲ್ಕಕ್ಕ ಹಾಕು. ಈಗ ಅಡ್ಡ ಹಿಡಿ. ಎಷ್ಟ್ ಬಂತು?"

ಐದು ಬರಲಿಲ್ಲ. ನಾಲ್ಕು ಮುಕ್ಕಾಲು ಬಂತು. ಕಾಕಾ ದಾರವನ್ನ ಸ್ವಲ್ಪ ಹೊರಗೆ ಸರಿಸಿ ಗೂಟ ಹೊಡೆದರು. ಮತ್ತೆ ಹಿಡಿದೆ. ಐದು ಬಂತು. "ಹಾಂ, ಈಗ ಮೂಲಿ ಸರಿ ಐತಿ" ಅಂದರು.

ನಾನು ಟೇಪ್ ಹಿಡಿದುಕೊಂಡು ಹಾಗೇ ನಿಂತೆ. ಮೂರು ಮೂರಲೇ ಒಂಬತ್ತು, ನಾಲ್ಕು ನಾಲ್ಕಲೇ ಹದಿನಾರು, ಎರಡೂ ಕೂಡಿದರೆ ಇಪ್ಪತ್ತೈದು, ಐದೈದಲೇ ಇಪ್ಪತ್ತೈದು. ಎರಡು ಸಲ ಬಾಯಿಪಾಠ ಮಾಡಿ ಎರಡು ಸಲ ಪರೀಕ್ಷೆಯಲ್ಲಿ ಮರೆತಿದ್ದ ಪೈಥಾಗೊರಸ್ ಪ್ರಮೇಯ ನನ್ನ ಕಾಲ ಹತ್ತಿರ ಸುಣ್ಣದ ಗೆರೆಯಾಗಿ ಬಿದ್ದಿತ್ತು. ಕಾಕಾ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಅವತ್ತೇ ನನಗೆ ಗಣಿತ ಬಂದುಬಿಡ್ತು ಅಂತ ಹೇಳಲ್ಲ, ಬರಲಿಲ್ಲ. ಹೆದರಿಕೆ ಮಾತ್ರ ಅಲ್ಲೇ ಹೋಯ್ತು. ಹೆದರಿಕೆ ಹೋಗೋವರೆಗೆ ಎಷ್ಟು ಹಲ್ಲು ಕಚ್ಚಿದರೂ ಪ್ರಯೋಜನ ಇರಲ್ಲ, ಯಾಕಂದರೆ ಇರೋ ಶಕ್ತಿಯೆಲ್ಲ ಹೆದರಿಕೆ ತಡೆಯೋದಕ್ಕೇ ಖರ್ಚಾಗುತ್ತೆ.

ಮುಂದಿನ ವರ್ಷ ಅವ್ವ ಮತ್ತೆ ಗುಳೆ ಬರಲ್ಲ ಅಂದಳು. ನನ್ನನ್ನ ಕರೆದುಕೊಂಡು ಕಲಬುರಗಿಗೆ ಬಂದಳು. ಒಂದೇ ಖೋಲಿ, ಬಾಡಿಗೆಗೆ. ಒಂದು ಖಾನಾವಳಿಗೆ ದಿನಕ್ಕೆ ನೂರು ಜೋಳದ ರೊಟ್ಟಿ ಬಡಿದು ಕೊಡೋ ಕೆಲಸ ಹಿಡಿದಳು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬಿಸಿನೀರು ಹಾಕಿ ಹಿಟ್ಟು ನಾದಿ ಶುರು ಮಾಡಿದರೆ ಆ ಖೋಲಿಯಲ್ಲಿ ಯಾರಿಗೂ ನಿದ್ದೆ ಇಲ್ಲ. ಪಟಪಟ ಪಟಪಟ, ಮಧ್ಯೆ ಹಂಚಿಗೆ ಹಾಕುವಾಗ ಒಂದು ಕ್ಷಣ ಸುಮ್ಮನೆ, ಆಮೇಲೆ ಮತ್ತೆ ಪಟಪಟ. ನನಗೆ ಅಲಾರಂ ಬೇಕಿರಲಿಲ್ಲ. ಬೇಗ ಏಳಬೇಕು ಅಂತ ಒಂದು ದಿನವೂ ನಿರ್ಧಾರ ಮಾಡಬೇಕಾಗಿರಲಿಲ್ಲ. ನನ್ನ ಛಲ ಅಂತ ಎಲ್ಲರೂ ಇವತ್ತು ಹೊಗಳ್ತಾರಲ್ಲ, ಅದರಲ್ಲಿ ಅರ್ಧ ಅವ್ವನ ಅಂಗೈಯಲ್ಲಿತ್ತು.

ಅವ್ವ ಓದಿದವಳಲ್ಲ. ಒಂದು ನಿಯಮ ಮಾತ್ರ ಮಾಡಿದ್ದಳು. ಮೊದಲ ಐವತ್ತು ರೊಟ್ಟಿ ಆಗೋವರೆಗೆ ನನ್ನನ್ನ ಯಾವ ಕೆಲಸಕ್ಕೂ ಕರೀತಿರಲಿಲ್ಲ. ನೀರು ತುಂಬೋದು, ಕಸ ಹೊಡೆಯೋದು, ಏನಿದ್ದರೂ ಐವತ್ತು ಆದ ಮೇಲೆ. ಆ ಒಂದು ತಾಸು ನನ್ನದು. ಆ ತಾಸಿನಲ್ಲಿ ಗಣಿತ ಬಿಟ್ಟು ಬೇರೆ ಏನೂ ಇಲ್ಲ. ಗೊತ್ತಿದ್ದ ಲೆಕ್ಕ ಒಂದು, ಗೊತ್ತಿಲ್ಲದ್ದು ಒಂದು. ಅಷ್ಟೇ. 2011ರಲ್ಲಿ ಮತ್ತೆ ಬರೆದೆ, 41 ಬಂತು. ಆಮೇಲೆ ಪಿಯುಸಿ, ಬಿಎ, ಅದರ ಕಥೆ ದೊಡ್ಡದೇನಿಲ್ಲ.

ನೌಕರಿ ಪರೀಕ್ಷೆಯಲ್ಲಿ ಎರಡು ಸಲ ಹೋಯ್ತು, ಮೂರನೇ ಸಲ ಆಯ್ತು. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ನನಗೆ ಸಿಕ್ಕಿದ್ದು 371 ಜೆ ಅಡಿಯಲ್ಲಿ, ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ ವಿಧಿಯಡಿ. ನಮ್ಮ ಭಾಗದಲ್ಲಿ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಅಂತ ಇದೆಯಲ್ಲ, ಆ ಪಟ್ಟಿಯಲ್ಲಿ ನನ್ನ ಹೆಸರು. ನಮ್ಮಲ್ಲಿ ಕೆಲವರು ಅದನ್ನ ಹೇಳಿಕೊಳ್ಳೋಕೆ ಹಿಂಜರಿತಾರೆ, ಸ್ವಂತ ಛಲದಿಂದ ಬಂದೆ ಅನ್ನೋದು ಕೇಳೋಕೆ ಚೆನ್ನಾಗಿರುತ್ತೆ. ನನಗೆ ಹಿಂಜರಿಕೆ ಇಲ್ಲ. ಯಾಕಂದರೆ 371 ಜೆ ಅನ್ನೋದೇ ಒಂದು ಛಲದ ಫಲ. ಚಿಂಚೋಳಿಯ ವೈಜನಾಥ ಪಾಟೀಲರು ಅದಕ್ಕೋಸ್ಕರ ದಶಕಗಟ್ಟಲೆ ಓಡಾಡಿದರು. ದಿಲ್ಲಿಯಿಂದ ಒಮ್ಮೆ ಆಗಲ್ಲ ಅಂತಲೇ ಉತ್ತರ ಬಂದಿತ್ತು. ಬೇರೆ ಬೇರೆ ಪಕ್ಷದವರು, ಸಂಘಟನೆಯವರು, ಹೆಸರಿಲ್ಲದ ಎಷ್ಟೋ ಜನ ಬಿಡಲಿಲ್ಲ. 2012ರಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿ ಒಪ್ಪಿತು, 2013ರಲ್ಲಿ ಜಾರಿಗೆ ಬಂತು. ಅದೇ ವರ್ಷ ನಾನು ಪಿಯುಸಿ ಮುಗಿಸಿದ್ದೆ. ಪಾಟೀಲರು 2019ರಲ್ಲಿ ತೀರಿಕೊಂಡಾಗ ನಾನು ಅವರನ್ನ ಒಂದು ಸಲವೂ ಮುಖಾಮುಖಿ ನೋಡಿರಲಿಲ್ಲ. ಅವರ ಹಠದ ಒಂದು ತುಂಡಿನ ಮೇಲೆ ನನ್ನ ಕುರ್ಚಿ ಇದೆ.

ಹಾಗಾಗಿ ಛಲ ಒಬ್ಬರ ಎದೆಯೊಳಗಿಂದ ಮಾತ್ರ ಬರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಅದನ್ನ ಸುತ್ತಲಿನವರು ಕಾಪಾಡಬೇಕು. ದಿನಕ್ಕೆ ಒಂದು ತಾಸಿನಷ್ಟು ಜಾಗ ಮಾಡಿಕೊಡಬೇಕು. ಆ ಜಾಗ ಇದ್ದರೆ ಎಲ್ಲ ಗುರಿಯೂ ಸಿಕ್ಕೇ ಸಿಗುತ್ತೆ ಅಂತಲ್ಲ, ಆದರೆ ಮಕ್ಕಳ ಛಲಕ್ಕೆ ನಿಲ್ಲೋಕೆ ನೆಲ ಸಿಗುತ್ತೆ. ಅಪ್ಪ ತೊಗರಿ ಬಗ್ಗೆ ಹೇಳ್ತಿದ್ದ, ಜೊತೆಗೆ ಹಾಕಿದ ಹೆಸರುಕಾಳಿನ ಬೆಳೆ ಎರಡು ತಿಂಗಳಿಗೆಲ್ಲ ಬೆಳೆದು ಕಾಯಿಕಟ್ಟಿ ಹೋಗುತ್ತೆ, ತೊಗರಿ ಅಷ್ಟೊತ್ತಿಗೆ ಇನ್ನೂ ಸಣ್ಣಗೇ ಇರುತ್ತೆ, ಯಾಕಂದರೆ ಅದು ಬೇರು ಇಳಿಸ್ತಿರುತ್ತೆ, ಅದಕ್ಕೇ ಮಳೆ ನಿಂತ ಮೇಲೂ ನಿಲ್ಲುತ್ತೆ. ಮಕ್ಕಳಿಗೂ ಸ್ವಲ್ಪ ಸಮಯ ಕೊಡಿ ಅಂತ ಕೇಳ್ತೀನಿ ಅಷ್ಟೇ.

ಈಗ ಅಣ್ಣನ ಮಗಳ ವಿಷಯ. ಫೇಲಾದವರು ಮತ್ತೆ ಬರೆಯೋ ಪರೀಕ್ಷೆ-2 ಈ ತಿಂಗಳ ಕೊನೆಗೇ ಇದೆ. ನಾನು ಅಣ್ಣನಿಗೆ ಫೋನ್ ಮಾಡಿ ಅವಳನ್ನ ಇಲ್ಲಿಗೆ ಕಳಿಸು ಅಂದೆ. ವೈನಿ ಮೊದಲು ಒಪ್ಪಲಿಲ್ಲ, ಮನೆಯಲ್ಲಿ ಕೈಗೆ ಆಸರೆ ಅವಳೇ. ಆಮೇಲೆ ಒಪ್ಪಿದರು, ಅವರಿಗೆ ನಾನು ಋಣಿ. ಬೇಸಿಗೆ ಅಂತ ಏಪ್ರಿಲ್-ಮೇನಲ್ಲಿ ನಮ್ಮ ಆಫೀಸು ಬೆಳಿಗ್ಗೆ ಎಂಟರಿಂದ ಒಂದೂವರೆವರೆಗೆ, ಹಾಗಾಗಿ ಮಧ್ಯಾಹ್ನ ನಾನು ಅವಳ ಜೊತೆ ಇರ್ತೀನಿ. ಹೊರಗೆ ಬಿಸಿಲಿಗೆ ನಾಯಿಯೂ ಓಡಾಡಲ್ಲ, ನಾವಿಬ್ಬರೂ ಕೂಲರ್ ಮುಂದೆ ನೆಲದ ಮೇಲೆ ಕೂತು ಲೆಕ್ಕ ಮಾಡ್ತೀವಿ. ಪೂರ್ತಿ ಪುಸ್ತಕ ಮುಟ್ಟಿಲ್ಲ. ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ-ಮಧ್ಯಾಂಕ-ಬಹುಲಕ, ಸದ್ಯಕ್ಕೆ ಇಷ್ಟೇ. ಎಲ್ಲವನ್ನೂ ಒಟ್ಟಿಗೆ ಹಿಡಿಯೋಕೆ ಹೋದರೆ ಏನೂ ಕೈಗೆ ಬರಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ಅವಳಿಗೆ ಯಾರಾದರೂ ಫೋನ್ ಮಾಡೋರಿದ್ದರೆ ಒಂದು ವಿನಂತಿ. ಎಷ್ಟು ಅಂಕ ಬಂತು ಅಂತ ಕೇಳಬೇಡಿ. ಇವತ್ತು ಯಾವ ಲೆಕ್ಕ ಮಾಡಿದಿ ಅಂತ ಕೇಳಿ. ನಿಮ್ಮ ಓಣಿಯಲ್ಲೂ ಇಂಥ ಒಂದು ಮಗು ಖಂಡಿತ ಇರುತ್ತೆ. ನಿಮಗೆ ಗಣಿತ ಬರದಿದ್ದರೂ ಪರವಾಗಿಲ್ಲ, ಆ ಮಗುವಿನ ಪಾಲಿನ ನೀರಿನ ಕೊಡ ಮೂರು ವಾರ ನೀವು ಹೊತ್ತುಕೊಡಿ.

ನಾನು ಕೆಎಎಸ್ ಪೂರ್ವಭಾವಿ ಪರೀಕ್ಷೆ ಎರಡು ಸಲ ಬರೆದಿದ್ದೀನಿ, ಎರಡು ಸಲವೂ ಆಗಿಲ್ಲ. ಅವಳಿಗೆ ಅದನ್ನೂ ಹೇಳಿದ್ದೀನಿ. "ಮತ್ತ ಬರಿತೀಯೇನ್ ಅತ್ತಿ?" ಅಂತ ಕೇಳಿದಳು. ಬರೀತೀನಿ ಅಂದೆ. ಹಾಗಂದ ಮೇಲೆ ಈಗ ಬೆಳಗಿನ ಆ ತಾಸಿನಲ್ಲಿ ನಾನೂ ಪುಸ್ತಕ ಹಿಡಿದು ಅವಳ ಎದುರಿಗೇ ಕೂತ್ಕೋತೀನಿ.

ಅವ್ವ ಈಗ ಖಾನಾವಳಿಗೆ ರೊಟ್ಟಿ ಕೊಡಲ್ಲ, ಮಂಡಿನೋವು. ಮನೆಗೆ ಆಗೋಷ್ಟು ಮಾತ್ರ ಬಡೀತಾಳೆ, ಆದರೆ ಏಳೋದು ಅದೇ ನಾಲ್ಕೂವರೆಗೆ. ಇವತ್ತು ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಹುಡುಗಿ ಆಗಲೇ ಎದ್ದು ಅಡುಗೆಮನೆ ಬಾಗಿಲಲ್ಲಿ ಗ್ರಾಫ್ ಹಾಳೆ ಹರಡಿಕೊಂಡು ಕೂತಿದ್ದಳು. ಎರಡು ಗೆರೆ ಎಳೆದಿದ್ದಳು, ಒಂದನ್ನೊಂದು ಕತ್ತರಿಸೋ ಜಾಗ ತಪ್ಪಾಗಿತ್ತು. ನಾನು ಬಾಯಿ ಬಿಡೋದರೊಳಗೆ ಅವಳೇ ನೋಡಿಕೊಂಡಳು, ರಬ್ಬರ್ ತಗೊಂಡು ಒಂದು ಗೆರೆ ಅಳಿಸಿದಳು. ಒಳಗೆ ಅವ್ವನ ರೊಟ್ಟಿ ಸಪ್ಪಳ ನಡೆದಿತ್ತು. ನಾನು ನನ್ನ ಪುಸ್ತಕ ತಗೊಂಡು ಅವಳ ಎದುರಿಗೆ ಹೋಗಿ ಕೂತೆ.