ಬೆಲೆಗಿಂತ ಉದ್ರಿ ಲೆಕ್ಕ ನೋಡಿ

ದೊಡ್ಡ ಸೂಪರ್ ಮಾರ್ಟ್‌ನ ಅಗ್ಗದ ಬೆಲೆಯಿಂದಲೇ ಕೊಡಗಿನ ಕುಶಾಲನಗರ, ಗೋಣಿಕೊಪ್ಪದಂಥ ಊರುಗಳ ದಿನಸಿ ಅಂಗಡಿಗಳು ಸೊರಗುತ್ತವೆ ಅಂತ ಒಂದು ಲೇಖನದಲ್ಲಿ ಓದಿದೆ. ಅರ್ಧ ಸರಿ. ನಿಜವಾದ ಪೆಟ್ಟು ಬೀಳೋದು ಉದ್ರಿ ಪುಸ್ತಕಕ್ಕೆ.

ಕೊಡಗಿನ ಬೆಳೆಗಾರರ ಕೈಗೆ ದುಡ್ಡು ಬರೋದು ಕಾಫಿ ಕುಯ್ದ ಮೇಲೆ: ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ. ಮಳೆಗಾಲದಲ್ಲಿ ಅಕ್ಕಿ, ಬೇಳೆ, ಎಣ್ಣೆ ಬರೆಸಿ ಒಯ್ಯುವವರೇ ಹೆಚ್ಚು. ಡಿಸ್ಟ್ರಿಬ್ಯೂಟರ್‌ಗೆ ಮಾತ್ರ ವಾರ, ಹದಿನೈದು ದಿನದೊಳಗೆ ಕಟ್ಟಬೇಕು. ಆ ಅಂತರ ತುಂಬುತ್ತಿದ್ದವರು ನಗದು ಗಿರಾಕಿಗಳು, ಮಾರ್ಟ್ ಎಳೆದುಕೊಳ್ಳೋದೂ ಅವರನ್ನೇ. ತಿಂಗಳಿಗೆ 3 ಲಕ್ಷ ವ್ಯಾಪಾರ, ಅದರಲ್ಲಿ 1 ಲಕ್ಷ ಉದ್ರಿ ಅಂದುಕೊಳ್ಳಿ. 1 ಲಕ್ಷದ ನಗದು ಹೋದರೆ ಉದ್ರಿ ಪಾಲು ಅರ್ಧಕ್ಕೇರುತ್ತದೆ. ಲಾಭ ಪುಸ್ತಕದಲ್ಲಿ, ಗಲ್ಲಾ ಖಾಲಿ.

ಸಕ್ಕರೆ, ಎಣ್ಣೆ ಬೆಲೆಯಲ್ಲಿ ಮಾರ್ಟ್ ಜೊತೆ ಗುದ್ದಾಟ ಬೇಡ. ಅವರು ಗಿರಾಕಿ ಕರೆಯಲೆಂದೇ ಅದನ್ನು ಅಸಲಿಗೂ ಮಾರಬಲ್ಲರು. ಬದಲಿಗೆ ಉದ್ರಿಗೆ ಮನೆಗಿಷ್ಟು ಅಂತ ಮಿತಿ ಹಾಕಿ. ಜೂನ್‌ನಿಂದ ಬೆಲ್ಲ, ಉಪ್ಪು ವಾರಕ್ಕಾಗುವಷ್ಟೇ ತರಿಸಿ. ಶೀತಕ್ಕೆ ಬೆಲ್ಲ ನೀರೊಡೆದು ಗೋಣಿಗೆ ಅಂಟಿದರೆ ಆ ಮೂಟೆಯ ಲಾಭ ಅಲ್ಲಿಗೇ ಹೋಯ್ತು.

ಗಿರಾಕಿಗಳೂ ಅಷ್ಟೇ, ಆಫರ್ ಎಣ್ಣೆಯ ಪ್ಯಾಕೆಟ್ ತಿರುಗಿಸಿ ನೋಡಿ. ಒಂದು ಲೀಟರ್ ಅಂದುಕೊಂಡದ್ದು 800 ಮಿಲಿ ಇರಬಹುದು.